ಮಗಳು ಆರನೇ ಕ್ಲಾಸಿಗೆ, ಅಪ್ಪನಿಗೆ ಎಪ್ಪತ್ತು: ಬೆಂಗಳೂರಲ್ಲೇ ಇರೋದಾ, ಮೈಸೂರಾ, ಹುಬ್ಬಳ್ಳಿ-ಧಾರವಾಡವಾ?

ರಾಣೆಬೆನ್ನೂರಿನವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನನಗೆ 39 ವರ್ಷ. ಊರು ರಾಣೆಬೆನ್ನೂರು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದವನು ಇಲ್ಲೇ ಉಳಿದೆ. ಮೊದಲು ಬಿಟಿಎಂನಲ್ಲಿ ಪಿಜಿ, ಆಮೇಲೆ ಗೆಳೆಯರ ಜೊತೆ ರೂಮು, ಮದುವೆ ಆದ ಮೇಲೆ ಮಾರತಹಳ್ಳಿಯಲ್ಲಿ ಬಾಡಿಗೆ ಮನೆ. ಆಗೆಲ್ಲ ಈ ಊರು ನನಗೆ ಸರಿಯಾ ಅಂತ ಯೋಚನೆಯೇ ಬಂದಿರಲಿಲ್ಲ. ಕೆಲಸ ಇಲ್ಲಿತ್ತು, ನಾನೂ ಇಲ್ಲಿದ್ದೆ, ಅಷ್ಟೇ.

ಈಗ ಲೆಕ್ಕ ಬೇರೆ ಆಗಿದೆ. ಆಫೀಸು ವೈಟ್‌ಫೀಲ್ಡ್ ಕಡೆಯ ಐಟಿ ಪಾರ್ಕು ಐಟಿಪಿಎಲ್ ಹತ್ತಿರ. ವಾರಕ್ಕೆ ಎರಡು ದಿನ ಹೋದರೆ ಸಾಕು, ಉಳಿದ ದಿನ ಮನೆಯಿಂದ ಕೆಲಸ. ಎರಡು ಬೆಡ್‌ರೂಮಿನ ಮನೆಗೆ 36 ಸಾವಿರ ಬಾಡಿಗೆ, ಅದರ ಮೇಲೆ ಮೇಂಟೆನೆನ್ಸ್. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಇಡೀ ಅಪಾರ್ಟ್‌ಮೆಂಟಿನವರು ಟ್ಯಾಂಕರ್ ದಾರಿ ನೋಡುತ್ತಾ ಕೂತಿದ್ದೆವು. ಮಗಳು ಬರುವ ಜೂನ್‌ಗೆ ಆರನೇ ಕ್ಲಾಸು. ಹೆಂಡತಿ ಇಲ್ಲೇ ಒಂದು ಪ್ರೈವೇಟ್ ಶಾಲೆಯಲ್ಲಿ ಸೈನ್ಸ್ ಟೀಚರ್, ಅವಳಿಗೆ ಎಲ್ಲಿ ಹೋದರೂ ಕೆಲಸ ಸಿಗುತ್ತದೆ.

ಅಪ್ಪ ಅಮ್ಮ ಊರಲ್ಲೇ ಇದ್ದಾರೆ. ಅಪ್ಪನಿಗೆ 70, ಹೋದ ವರ್ಷ ಸ್ಟೆಂಟ್ ಹಾಕಿಸಿದ್ದೇವೆ. ಅಮ್ಮನಿಗೆ ಮಂಡಿ ನೋವು. ಇಬ್ಬರೂ ಬೆಂಗಳೂರಿಗೆ ಬಂದರೆ ಹದಿನೈದು ದಿನಕ್ಕೇ ಊರಿನ ಧ್ಯಾನ ಶುರು. ತಮ್ಮ ಪುಣೆಯಲ್ಲಿದ್ದಾನೆ. "ನಮ್ಮ ಕಂಪನಿಯಲ್ಲೇ ನೋಡ್ತೀನಿ, ಇಲ್ಲಿಗೇ ಬಾ, ಎಲ್ಲರೂ ಒಂದೇ ಕಡೆ ಇರೋಣ" ಅನ್ನುತ್ತಾನೆ.

ತಲೆಯಲ್ಲಿರುವುದು ಇಷ್ಟು. ಒಂದು, ಮಗಳ ಹತ್ತನೇ ಕ್ಲಾಸು ಮುಗಿಯುವವರೆಗೆ ಬೆಂಗಳೂರಲ್ಲೇ ಗಟ್ಟಿಯಾಗಿ ಕೂರೋದು. ಇನ್ನೊಂದು ಮೈಸೂರು, ಯಾಕಂದರೆ ಎಲ್ಲರೂ ಮೈಸೂರು ಚೆನ್ನಾಗಿದೆ ಅನ್ನುತ್ತಾರೆ. ಮತ್ತೊಂದು ಹುಬ್ಬಳ್ಳಿ-ಧಾರವಾಡ, ಊರಿಗೆ ಹತ್ತಿರ. ಪುಣೆ ಕೊನೆಗೆ. ಈ ವಯಸ್ಸಿನಲ್ಲಿ ಊರು ಬದಲಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಯೂಟ್ಯೂಬ್‌ನಲ್ಲಿ ಹೇಳುವಂಥ "ಟಾಪ್ ಹತ್ತು ನಗರ" ಬೇಡ.

---

ಸೀಸನ್ ಪಾಸಿನವ

ನಾನು ಮೈಸೂರಿಗೆ ಬಂದು ನಾಲ್ಕೈದು ವರ್ಷ ಆಯಿತು. ಕುವೆಂಪುನಗರದಲ್ಲಿ ಮನೆ, ಬಾಡಿಗೆ 17 ಸಾವಿರ, ಎರಡು ಬೆಡ್‌ರೂಮು, ಮುಂದೆ ಒಂದು ನುಗ್ಗೆ ಮರ ಕೂಡ. ಕೆಲಸ ಬೆಂಗಳೂರಲ್ಲೇ.

ಮೊದಲು ಓಡಾಟದ ವಿಷಯ ಹೇಳುತ್ತೇನೆ, ಎಲ್ಲರೂ ಎಡವುವುದು ಅಲ್ಲೇ. ರೈಲ್ವೆಯ ತಿಂಗಳ ಸೀಸನ್ ಟಿಕೆಟ್ 150 ಕಿಲೋಮೀಟರ್ ಒಳಗಿನ ದೂರಕ್ಕೆ ಕೊಡುತ್ತಾರೆ. ಮೈಸೂರು-ಬೆಂಗಳೂರು ರೈಲು ದಾರಿ 140ರ ಒಳಗೇ ಇದೆ, ಹಾಗಾಗಿ ನಮಗೆ ಸಿಗುತ್ತದೆ. ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದರೆ ಅದರೊಳಗೆ ಒಂದು ಬೇರೆ ಪ್ರಪಂಚವೇ ಇದೆ. ಅದೇ ಸೀಟು, ಅದೇ ಮುಖ, ಮಂಡ್ಯದಲ್ಲಿ ಹತ್ತುವವರಿಗೆ ಹಿಡಿದಿಟ್ಟ ಜಾಗ, ಮದ್ದೂರು ವಡೆ, ಯಾರದೋ ಮಗಳ ಮದುವೆ ಕಾರ್ಡು. ಆದರೆ ಸೀಸನ್ ಪಾಸ್ ಇಟ್ಟುಕೊಂಡು ವಂದೇ ಭಾರತ್, ಶತಾಬ್ದಿ ಹತ್ತುವಂತಿಲ್ಲ, ಅದು ನೆನಪಿರಲಿ.

ನಿಮ್ಮ ಆಫೀಸು ವಿಧಾನಸೌಧದ ಸುತ್ತಮುತ್ತ ಇದ್ದಿದ್ದರೆ ಕಣ್ಣು ಮುಚ್ಚಿ ಬನ್ನಿ ಅನ್ನುತ್ತಿದ್ದೆ. ಐಟಿಪಿಎಲ್ ಅಂದರೆ ಕಥೆ ಬೇರೆ. 2023ರ ಅಕ್ಟೋಬರ್‌ನಿಂದ ನೇರಳೆ ಮೆಟ್ರೊ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ, ಅದೊಂದು ಪುಣ್ಯ. ಆದರೂ ಎರಡೂವರೆ ಗಂಟೆ ರೈಲು, ಮೇಲೆ ಮೆಜೆಸ್ಟಿಕ್‌ನಿಂದ ಸುಮಾರು ಒಂದು ಗಂಟೆ ಮೆಟ್ರೊ, ಮೈಸೂರಲ್ಲಿ ಸ್ಟೇಷನ್‌ಗೆ ಹೋಗುವ ಹೊತ್ತು ಬೇರೆ. ಒಂದೇ ದಿನ ಹೋಗಿ ಬಂದರೆ ಮನುಷ್ಯ ಉಳಿಯುವುದಿಲ್ಲ. ಮಂಗಳವಾರ ಬೆಳಗ್ಗೆ ಹೋಗಿ, ಒಂದು ರಾತ್ರಿ ಅಲ್ಲಿ ಉಳಿದು, ಬುಧವಾರ ಸಂಜೆ ವಾಪಸ್ ಬರುವ ಥರ ಇಟ್ಟುಕೊಂಡರೆ ನಡೆಯುತ್ತದೆ. ಎಕ್ಸ್‌ಪ್ರೆಸ್‌ವೇ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 2023ರಲ್ಲಿ ಉದ್ಘಾಟನೆ ಆದ ಮೇಲೆ ದಾರಿ ಬೇಗ ಸಾಗುತ್ತದೆ, ನಿಜ. ಟೋಲ್ ಕಟ್ಟಿ ಹಾರಿ ಬಂದು ಕೆಂಗೇರಿಯಲ್ಲಿ ನಿಲ್ಲುತ್ತೀರಿ, ಅಲ್ಲಿಂದ ವೈಟ್‌ಫೀಲ್ಡ್ ಇನ್ನೊಂದು ಪ್ರಯಾಣ. ಬೈಕಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವೂ ಇಲ್ಲ.

ಊರು ಹೇಗಿದೆ ಅಂದರೆ, ಚೆನ್ನಾಗಿದೆ. ಮಗ ಸೈಕಲ್‌ನಲ್ಲಿ ಟ್ಯೂಷನ್‌ಗೆ ಹೋಗುತ್ತಾನೆ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತು. ಹೃದಯಕ್ಕೆ ಕೆಆರ್‌ಎಸ್ ರಸ್ತೆಯಲ್ಲಿ ಜಯದೇವ ಇದೆ. ಸಂಜೆ ಏಳಕ್ಕೆ ಕೆಲಸ ಮುಗಿಸಿ ಯಾರದಾದರೂ ಮನೆಗೆ ಹೋಗಿ ಬರಬಹುದು, ಬೆಂಗಳೂರಲ್ಲಿ ಅದು ಆಗುತ್ತಿರಲಿಲ್ಲ.

ಆದರೆ ಸರ್, ಒಂದು ಮಾತು ಕೇಳಲಾ? ರಾಣೆಬೆನ್ನೂರಿಗೆ ಮೈಸೂರು ಬೆಂಗಳೂರಿಗಿಂತ ಹತ್ತಿರವೇನೂ ಅಲ್ಲ. ನಿಮ್ಮ ಅರ್ಧ ಚಿಂತೆ ಅಪ್ಪನದ್ದು. ಹಾಗಿರುವಾಗ ಮೈಸೂರು ಈ ಪಟ್ಟಿಗೆ ಬಂದದ್ದಾದರೂ ಹೇಗೆ? ನಮ್ಮೂರನ್ನು ಎಲ್ಲರೂ ಹೊಗಳುತ್ತಾರೆ ಅಂತ ಬರಬೇಡಿ. ನನ್ನ ಅತ್ತೆ ಮಾವ ನಂಜನಗೂಡಿನಲ್ಲಿದ್ದಾರೆ, ಅದಕ್ಕೆ ನನಗೆ ಮೈಸೂರು ಸರಿ ಹೋಯಿತು.

---

ಪಿಜಿ ಪುರಾಣ

ಅಣ್ಣಾ ನನಗೆ 25, ಊರು ಕೊಪ್ಪಳ. ನನ್ನ ಮಾತು ನಿಮಗೆ ಅನ್ವಯ ಆಗುತ್ತೋ ಇಲ್ಲವೋ, ಆದರೂ ಹೇಳಿಬಿಡುತ್ತೇನೆ.

ಇಲ್ಲಿ ಎಲ್ಲರೂ ಬೆಂಗಳೂರು ಬಿಡುವುದು ಹೇಗೆ ಅಂತಲೇ ಮಾತಾಡುತ್ತಾರೆ. ಟ್ರಾಫಿಕ್ ಕೆಟ್ಟದ್ದು, ಅಡ್ವಾನ್ಸ್ ಜಾಸ್ತಿ, 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿಸಿ 60 ಇದ್ದ ಗರಿಷ್ಠ ಟಿಕೆಟ್ಟನ್ನು 90 ಮಾಡಿದರು, ಎಲ್ಲ ಸರಿ. ಆದರೆ ಹೋದ ವರ್ಷ ನನ್ನ ಕೆಲಸ ಹೋಯಿತು. ರೂಮು ಬದಲಿಸಲಿಲ್ಲ, ಮೆಸ್ ಬದಲಿಸಲಿಲ್ಲ, ಬಸ್ ನಂಬರ್ ಮಾತ್ರ ಬದಲಾಯಿತು. ಬೇರೆ ಕಂಪನಿ ಸಿಕ್ಕಿತು. ಕೊಪ್ಪಳದಲ್ಲೋ ಹುಬ್ಬಳ್ಳಿಯಲ್ಲೋ ಇದ್ದಿದ್ದರೆ ಬ್ಯಾಗು ಎತ್ತಿಕೊಂಡು ಮತ್ತೆ ಇಲ್ಲಿಗೇ ಬರಬೇಕಿತ್ತು. ನನ್ನ ವಯಸ್ಸಿನವರಿಗೆ ಈ ಊರು ಕೊಡುವುದು ಇದೇ: ಬಿದ್ದರೆ ಅಲ್ಲೇ ಎದ್ದು ನಿಲ್ಲಬಹುದು.

ನಿಮ್ಮ ವಾರಕ್ಕೆ ಎರಡು ದಿನದ ಲೆಕ್ಕ ನನಗೆ ಭಯ ಹುಟ್ಟಿಸುತ್ತಿದೆ. ಅದು ಕಾಗದದಲ್ಲಿ ಇದೆಯಾ, ಇಲ್ಲಾ ಮ್ಯಾನೇಜರ್ ಬಾಯಿ ಮಾತಾ? ನಮ್ಮ ಆಫೀಸಿನಲ್ಲಿ ಪೂರ್ತಿ ಮನೆಯಿಂದ ಅಂದದ್ದು ಎರಡು ದಿನ ಆಯಿತು, ಆಮೇಲೆ ಮೂರು, ಈಗ ನಾಲ್ಕು. ಊರಿಗೆ ಹೋಗಿ ಮನೆ ಕಟ್ಟಿಸಿದ ಸೀನಿಯರ್ ಒಬ್ಬರು ಈಗ ನನ್ನ ಪಿಜಿಯಲ್ಲೇ ಪಕ್ಕದ ಬೆಡ್‌ನಲ್ಲಿ ಮಲಗುತ್ತಾರೆ. 44 ವರ್ಷ ಅವರಿಗೆ. ರಾತ್ರಿ ಹತ್ತಕ್ಕೆ ಮಗನಿಗೆ ವಿಡಿಯೊ ಕಾಲ್‌ನಲ್ಲಿ ಲೆಕ್ಕ ಹೇಳಿಕೊಡುತ್ತಾರೆ.

---

ಧಾರವಾಡದಾಕೆ

ರೀ ರಾಣೆಬೆನ್ನೂರಿನವರೇ, ಇಷ್ಟುದ್ದ ಬರೆದಿದ್ದೀರಿ, ಹೆಂಡತಿ ಬಗ್ಗೆ ಒಂದೇ ವಾಕ್ಯ. "ಅವಳಿಗೆ ಎಲ್ಲಿ ಹೋದರೂ ಕೆಲಸ ಸಿಗುತ್ತದೆ." ಇದನ್ನು ಅವರು ಹೇಳಿದ್ದಾ, ನೀವೇ ಅಂದುಕೊಂಡಿದ್ದಾ? ನಾನೂ ಟೀಚರ್. ಬೆಂಗಳೂರಿನ ಶಾಲೆಯಲ್ಲಿ ತೆಗೆದುಕೊಳ್ಳುತ್ತಿದ್ದ ಸಂಬಳದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇಲ್ಲಿ ಸಿಕ್ಕಿತು, ಅದೂ ಜೂನ್‌ನಲ್ಲಿ ಸೇರಿಕೊಂಡರೆ ಮಾತ್ರ. ಶಾಲೆಯವರು ಮಾರ್ಚ್-ಏಪ್ರಿಲ್‌ನಲ್ಲೇ ಇಂಟರ್‌ವ್ಯೂ ಮುಗಿಸಿರುತ್ತಾರೆ. ಈಗಿನ ಶಾಲೆಯಲ್ಲಿ ಐದು ವರ್ಷ ತುಂಬಿದೆಯಾ ನೋಡಿಕೊಳ್ಳಲಿ, ಗ್ರಾಚ್ಯುಟಿ ಸುಮ್ನೆ ಬಿಟ್ಟು ಬರುವಂಥದ್ದಲ್ಲ.

ಈಗ ನಮ್ಮೂರಿನ ಕಥೆ. ಹುಬ್ಬಳ್ಳಿ ಧಾರವಾಡ ಅವಳಿ ಊರು ಅಂತ ಹೆಸರು, ಸ್ವಭಾವ ಬೇರೆ ಬೇರೆ. ಹುಬ್ಬಳ್ಳಿಯಲ್ಲಿ ಅಂಗಡಿ, ವ್ಯಾಪಾರ, ಗಡಿಬಿಡಿ, ರೈಲು, ವಿಮಾನ. ಧಾರವಾಡದಲ್ಲಿ ಮಳೆ, ಕಾಲೇಜು, ಮಧ್ಯಾಹ್ನದ ನಿದ್ದೆ. ನಡುವೆ ಸುಮಾರು 20 ಕಿಲೋಮೀಟರು, ಚಿಗರಿ ಬಸ್ಸಿಗೇ ಅಂತ ಬಿಟ್ಟ ಬಿಆರ್‌ಟಿಎಸ್ ದಾರಿ ಇರುವುದರಿಂದ ಹೋಗಿ ಬರುವುದು ತೊಂದರೆ ಇಲ್ಲ. ದೊಡ್ಡ ಆಸ್ಪತ್ರೆ ಬೇಕೆಂದರೆ ಹುಬ್ಬಳ್ಳಿಯಲ್ಲಿ ಕಿಮ್ಸ್, ಸತ್ತೂರಿನಲ್ಲಿ ಎಸ್‌ಡಿಎಂ. ಸಪ್ತಾಪುರದ ಕಡೆ ಮನೆ ಹುಡುಕಬೇಡಿ, ಕೆಎಎಸ್, ಪಿಎಸ್‌ಐ ಅಂತ ಓದುವ ಹುಡುಗರಿಗೆ ರೂಮು ಕೊಟ್ಟರೆ ಮನೆ ಮಾಲೀಕರಿಗೆ ಲಾಭ ಜಾಸ್ತಿ, ಸಂಸಾರಸ್ಥರನ್ನು ತಿರುಗಿ ನೋಡುವುದಿಲ್ಲ.

ನೀರು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕೆಲವು ವಾರ್ಡುಗಳಿಗೆ ದಿನವಿಡೀ ನೀರಿನ ಯೋಜನೆ ಬಂದು ಎಷ್ಟೋ ವರ್ಷ ಆಯಿತು. ಉಳಿದ ಕಡೆ ಬಿಟ್ಟು ಬಿಟ್ಟು ಬರುತ್ತದೆ. ಓಣಿ ಬದಲಾದರೆ ದಿನವೂ ಬದಲು. ಮನೆ ನೋಡಲು ಹೋದಾಗ ಮಾಲೀಕರನ್ನು ಕೇಳಬೇಡಿ, ಎದುರು ಮನೆ ಅಜ್ಜಿಯನ್ನು ಕೇಳಿ. "ನೀರು ಎಂದು ಬಂದಿತ್ತು, ಮತ್ತೆ ಎಂದು ಬರುತ್ತದೆ?" ಅಷ್ಟೇ. ಆಕೆ ಪೂರ್ತಿ ಲೆಕ್ಕ ಒಪ್ಪಿಸುತ್ತಾರೆ.

ರೈಲಿನ ವಿಷಯ. ಧಾರವಾಡಕ್ಕೆ ವಂದೇ ಭಾರತ್ ಇದೆಯಲ್ಲ ಅಂತ ನೀವು ಲೆಕ್ಕ ಹಾಕಿರುತ್ತೀರಿ. ಅದು ಬೆಳಗ್ಗೆ ಬೆಂಗಳೂರಿನಿಂದ ಹೊರಟು ಮಧ್ಯಾಹ್ನ ಇಲ್ಲಿಗೆ ಬರುತ್ತದೆ, ಮಧ್ಯಾಹ್ನ ಇಲ್ಲಿಂದ ಹೊರಟು ರಾತ್ರಿ ಹೊತ್ತಿಗೆ ಬೆಂಗಳೂರು. ಬೆಂಗಳೂರಿನವರು ಇಲ್ಲಿಗೆ ಬರಲು ಮಾಡಿದ ವೇಳಾಪಟ್ಟಿ ಅದು. 2025ರ ಆಗಸ್ಟ್‌ನಲ್ಲಿ ಬೆಳಗಾವಿಯಿಂದ ಬೆಳಗ್ಗೆ ಹೊರಡುವ ಇನ್ನೊಂದು ಶುರುವಾಯಿತು, ಅದೂ ಬೆಂಗಳೂರು ಮುಟ್ಟುವಾಗ ಊಟದ ಹೊತ್ತು ದಾಟಿರುತ್ತದೆ. ಹಾಗಾಗಿ ಆಫೀಸಿಗೆ ಹೋಗುವವರಿಗೆ ರಾತ್ರಿ ರೈಲು ಅಥವಾ ಸ್ಲೀಪರ್ ಬಸ್ಸೇ ಗತಿ. ಮೂವತ್ತರಲ್ಲಿ ಆಗುತ್ತದೆ. ನಲವತ್ತೈದರಲ್ಲಿ ಸೊಂಟ ಮಾತಾಡುತ್ತದೆ.

ಮಗಳಿಗೆ? ಆರು, ಏಳನೇ ಕ್ಲಾಸಿನೊಳಗೆ ಬದಲಿಸಿದರೆ ಮಕ್ಕಳು ಹೊಂದಿಕೊಳ್ಳುತ್ತಾರೆ. ಎಂಟಕ್ಕೆ ಮೇಲೆ ಬೇಡ, ಗೆಳತಿಯರೇ ಪ್ರಪಂಚ ಆಗಿರುವ ವಯಸ್ಸು ಅದು.

---

ಪುಣೆ ಕನ್ನಡಿಗ

ಪುಣೆ ಅಂದದ್ದಕ್ಕೆ ಬರೆಯುತ್ತಿದ್ದೇನೆ. ಊರು ನನಗೆ ಇಷ್ಟ, ಸಂಬಳವೂ ಸರಿ. ಹಿಂಜವಡಿಯ ಟ್ರಾಫಿಕ್ ನೋಡಿದರೆ ಬೆಂಗಳೂರಿಗೆ ತಾನೊಬ್ಬನೇ ಅಲ್ಲ ಅಂತ ಸಮಾಧಾನ ಆಗುತ್ತದೆ.

ಆದರೆ ಮಗಳಿಗೆ ಮುಂದೆ ಕರ್ನಾಟಕದ ಸಿಇಟಿ ಸೀಟು ಬೇಕು ಅಂತಿದ್ದರೆ ಒಂದು ನಿಯಮ ನೋಡಿಕೊಳ್ಳಿ. ಸಾಮಾನ್ಯವಾಗಿ ಎಲ್ಲರೂ ಬಳಸುವ ಅರ್ಹತೆ ಪ್ರಕಾರ ಒಂದನೇ ಕ್ಲಾಸಿನಿಂದ ಸೆಕೆಂಡ್ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಎಸ್‌ಎಸ್‌ಎಲ್‌ಸಿ ಅಥವಾ ಸೆಕೆಂಡ್ ಪಿಯುಸಿ ಎರಡರಲ್ಲಿ ಒಂದನ್ನಾದರೂ ಇಲ್ಲಿ ಪಾಸು ಮಾಡಿರಬೇಕು. ನಿಮ್ಮ ಮಗಳು ಐದನೇ ಕ್ಲಾಸು ಮುಗಿಸಿ ಪುಣೆಗೆ ಬಂದರೆ ಕೈಯಲ್ಲಿ ಐದು ವರ್ಷ ಇರುತ್ತದೆ. ಹತ್ತು ಮುಗಿಸಿ ಎರಡು ವರ್ಷದ ಪಿಯುಗೆ ವಾಪಸ್ ಬಂದರೆ ಏಳು ಸರಿ ಹೋಯಿತು, ಒಂದು ವರ್ಷ ತಡವಾದರೆ ಹೋಯಿತು. ಬೇರೆ ಕಲಮುಗಳೂ ಇವೆ, ಸಿಇಟಿ ನಡೆಸುವ ಕೆಇಎ ಕೈಪಿಡಿಯಲ್ಲಿ ಓದಿ. ನನ್ನ ಮನೆಯಲ್ಲಿ ಈ ಲೆಕ್ಕದ ಮೇಲೆಯೇ ಅಣ್ಣನ ಸಂಸಾರ ಬೆಳಗಾವಿಗೆ ವಾಪಸಾಯಿತು.

ಕರ್ನಾಟಕದೊಳಗೇ ಎಲ್ಲಿ ಹೋದರೂ ಈ ತಲೆನೋವಿಲ್ಲ.

---

ನಿವೃತ್ತ ಬ್ಯಾಂಕಿನವ

ನನಗೆ 68. ಬ್ಯಾಂಕಿನ ಕೆಲಸ ಅಂದರೆ ವರ್ಗಾವಣೆ, ರಾಯಚೂರಿನಿಂದ ಕುಂದಾಪುರದವರೆಗೆ ಎಲ್ಲ ಕಡೆ ಇದ್ದೆ. ನಿವೃತ್ತಿ ಆದ ಮೇಲೆ ಸಾಗರದ ಹತ್ತಿರ ಹಳ್ಳಿಯ ಮನೆಗೆ ಹೋದೆವು. ಈಗ ಶಿವಮೊಗ್ಗದಲ್ಲಿದ್ದೇವೆ. ತೋಟದ ಮನೆ ಹಾಗೇ ಇದೆ, ಹೋಗಿ ಬರುತ್ತೇವೆ.

ನೀವು ಕೇಳಿದ ಪ್ರಶ್ನೆಗೆ ವಯಸ್ಸಿನ ಮೇಲೆ ಉತ್ತರ ಹುಡುಕಬೇಡಿ. ಮನೆಯಲ್ಲಿ ಒಬ್ಬರೇ ಓಡಾಡಲು ಆಗದವರು ಯಾರು ಅಂತ ನೋಡಿ. ಇಪ್ಪತ್ತೈದರ ಆ ಹುಡುಗನ ಮನೆಯಲ್ಲಿ ಅಂಥವರು ಯಾರೂ ಇಲ್ಲ, ಅವನಿಗೆ ಯಾವ ಊರಾದರೂ ಊರೇ. ನಿಮ್ಮ ಮನೆಯಲ್ಲಿ ಮಗಳು ಇನ್ನು ನಾಲ್ಕೈದು ವರ್ಷ, ತಂದೆ ತಾಯಿ ಇನ್ನು ಮುಂದೆ ಪೂರ್ತಿ. ಊರು ಅವರಿಗೆ ಹೊಂದಬೇಕು. ದುಡಿಯುವವನು ಬಸ್ಸು ಹತ್ತಲಿ, ರೈಲು ಹತ್ತಲಿ, ಅವನಿಗೆ ಕಾಲಿದೆ. ಬಹಳ ಮನೆಗಳಲ್ಲಿ ಇದು ಉಲ್ಟಾ ನಡೆಯುತ್ತದೆ. ಸಂಬಳದವನಿಗೆ ಆಫೀಸು ಹತ್ತಿರ, ಮಿಕ್ಕವರೆಲ್ಲ ಅವನು ಬರುವ ತನಕ ಬಾಗಿಲು ಹಾಕಿಕೊಂಡು ಕೂತಿರುತ್ತಾರೆ.

ಹಳ್ಳಿ ಯಾಕೆ ಬಿಟ್ಟಿರಿ ಅಂತ ಕೇಳುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ, ಫೋನ್ ಸಿಗ್ನಲ್ಲೂ ಅದರ ಜೊತೆಗೇ. ನಮ್ಮಾಕೆಗೆ ಸಕ್ಕರೆ ಕಾಯಿಲೆ. ಶಿವಮೊಗ್ಗದಲ್ಲಿ ಮೆಡಿಕಲ್ ಶಾಪು ಮನೆಯಿಂದ ಕಾಣಿಸುತ್ತದೆ. ಲ್ಯಾಬಿನ ಹುಡುಗ ಬೆಳಗ್ಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾನೆ. ವಿಮಾನ ನಿಲ್ದಾಣ ಬಂತು, ಸ್ಮಾರ್ಟ್ ಸಿಟಿ ಬಂತು ಅಂತ ಊರಲ್ಲಿ ಎಲ್ಲರೂ ಖುಷಿಪಟ್ಟರು, ನನಗೆ ಖುಷಿ ಕೊಟ್ಟದ್ದು ಆ ಲ್ಯಾಬಿನ ಹುಡುಗ.

ಹೃದಯದ ವಿಷಯ ಬೇರೆ ಹೇಳಬೇಕು. ದೊಡ್ಡ ಆಸ್ಪತ್ರೆ ಇರುವ ಊರು ಅಂದರೆ ಸಾಲದು, ರಾತ್ರಿ ಎರಡು ಗಂಟೆಗೆ ಆಂಜಿಯೊಪ್ಲಾಸ್ಟಿ ಮಾಡುವ ವ್ಯವಸ್ಥೆ ಇದೆಯಾ ಅಂತ ಅಲ್ಲೇ ಹೋಗಿ ವಿಚಾರಿಸಿ. ಇನ್ನೊಂದು, ಸರ್ಕಾರದ್ದು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಅಂತ ಒಂದು ಯೋಜನೆ 2023ರಲ್ಲಿ ಶುರುವಾಯಿತು. ಅದರಲ್ಲಿ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ಎದೆ ನೋವು ಅಂತ ಬಂದವರಿಗೆ ತಕ್ಷಣ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ ಕೇಳುತ್ತಾರೆ. ಹೃದಯಾಘಾತ ಅಂತ ಗೊತ್ತಾದರೆ ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಹೇಗಿದೆ ಅಂತ ತಿಳಿದುಕೊಂಡು, ನಂಬರು ಪಕ್ಕದ ಮನೆಯವರ ಫೋನಿನಲ್ಲೂ ಹಾಕಿಸಿಡಿ.

ಕೊನೆಗೆ, ತಂದೆಯವರನ್ನು ಕೇಳಿದ್ದೀರಾ? ಎಪ್ಪತ್ತರಲ್ಲಿ ಹೊಸ ಊರಿಗೆ ಹೋದವನಿಗೆ ಮಾತಾಡಿಸುವವರು ಸಿಗಲು ಎರಡು ವರ್ಷ ಬೇಕು. ಅಂಗಡಿ ಕಟ್ಟೆ, ದೇವಸ್ಥಾನ, ಸಲೂನು, ಇವೆಲ್ಲ ಅವನ ಆಸ್ತಿ. ಅವರನ್ನು ಎತ್ತಿಕೊಂಡು ಹೋಗುವುದಕ್ಕಿಂತ ನೀವೇ ಅವರ ಒಂದು ಗಂಟೆ ದೂರಕ್ಕೆ ಬರುವುದು ಒಳ್ಳೆಯದು. ಊರ ಮನೆ ಮಾರುವ ಮಾತು ಮಾತ್ರ ಎತ್ತಬೇಡಿ.

---

ಬೆಣ್ಣೆದೋಸೆ

ಒಂದು ಗಂಟೆ ದೂರ ಅಂದರಲ್ಲ ಬ್ಯಾಂಕ್ ಸರ್, ನಾನು ಅದಕ್ಕೇ ಕಾಯುತ್ತಿದ್ದೆ. ರಾಣೆಬೆನ್ನೂರಿನವರು ಹುಬ್ಬಳ್ಳಿ ಅನ್ನುತ್ತಾರೆ, ಮೈಸೂರು ಅನ್ನುತ್ತಾರೆ, ಪುಣೆ ಅನ್ನುತ್ತಾರೆ, ತುಂಗಭದ್ರೆ ದಾಟಿದರೆ ಸಿಗುವ ದಾವಣಗೆರೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ! ಹಾವೇರಿ ಜಿಲ್ಲೆಯವರಿಗೆ ಹುಬ್ಬಳ್ಳಿಯೇ ದೊಡ್ಡಣ್ಣ, ನಮ್ಮದು ಏನಿದ್ದರೂ ಬೆಣ್ಣೆ ದೋಸೆ ತಿನ್ನಲು ಬರುವ ಊರು.

ರಾಣೆಬೆನ್ನೂರಿನಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ದಾವಣಗೆರೆಗೆ ಅದರ ಅರ್ಧವೂ ಇಲ್ಲ, ಹರಿಹರ ದಾಟಿದರೆ ಬಂತು. ಎರಡು ಮೆಡಿಕಲ್ ಕಾಲೇಜು ಇವೆ, ಜೆಜೆಎಂ ಮತ್ತು ಎಸ್‌ಎಸ್. ನಿಮ್ಮ ತಂದೆಯನ್ನು ರಾಣೆಬೆನ್ನೂರಿನ ವೈದ್ಯರು ಕಳಿಸುವುದೂ ಬಹಳ ಸಲ ಇಲ್ಲಿಗೇ ಅಲ್ವಾ? ಮಗಳ ಶಾಲೆಗೆ ಕೊರತೆ ಇಲ್ಲ, ಮುಂದೆ ಪಿಯು, ಇಂಜಿನಿಯರಿಂಗ್, ಮೆಡಿಕಲ್ ಎಲ್ಲ ಇಲ್ಲೇ. ಊರು ಎಷ್ಟು ದೊಡ್ಡದು ಅಂದರೆ, ಹಳೇ ಪೇಟೆ ಬಿಟ್ಟರೆ ಬೇಕಾದ ಕಡೆ ಸ್ಕೂಟಿಯಲ್ಲಿ ಕಾಲು ಗಂಟೆ.

ಕೆಟ್ಟದ್ದೂ ಹೇಳುತ್ತೇನೆ, ಇಲ್ಲದಿದ್ದರೆ ಊರಿನ ಏಜೆಂಟ್ ಅನ್ನುತ್ತೀರಿ. ಮಾರ್ಚ್‌ನಿಂದ ಮೇವರೆಗೆ ಬಿಸಿಲು ಬೆನ್ನು ಸುಡುತ್ತದೆ, ಬೆಂಗಳೂರಿನ ಮೈಗೆ ಕಷ್ಟ. ಐಟಿ ಕೆಲಸ ಅಂತ ಹೇಳಿಕೊಳ್ಳುವಂಥದ್ದು ಇಲ್ಲಿಲ್ಲ. ಇಲ್ಲಿರುವುದು ಓದಿಸುವ ವ್ಯಾಪಾರ, ಆಸ್ಪತ್ರೆ, ಅಕ್ಕಿ ಮಿಲ್ಲು, ಬಟ್ಟೆ ಅಂಗಡಿ. ಹತ್ತಿ ಗಿರಣಿಗಳ ಕಾಲ ಮುಗಿದು ಎಷ್ಟೋ ವರ್ಷ ಆಯಿತು. ಆಫೀಸಿಗೆ ಹೋಗುವುದು ಅಂದರೆ 260 ಕಿಲೋಮೀಟರು. ಹುಬ್ಬಳ್ಳಿಯ ರಾತ್ರಿ ರೈಲುಗಳು ನಮ್ಮೂರಿಗೆ ಬರುವುದೇ ನಡುರಾತ್ರಿ ದಾಟಿದ ಮೇಲೆ. ಅಲಾರಾಂ ಇಟ್ಟು ಎದ್ದು ಹೋಗಿ ಮಲಗಬೇಕು. ಬಸ್ಸೇ ವಾಸಿ. ನಾಲ್ಕು ಸಾಲಿಗಿಂತ ಜಾಸ್ತಿ ಅಗಲದ ಹೆದ್ದಾರಿ ಇದೆ, ಕಾರಲ್ಲಿ ಹೊರಟರೆ ನಾಲ್ಕೂವರೆ ಗಂಟೆಗೆ ಯಶವಂತಪುರ. ಯಶವಂತಪುರದಿಂದ ಮುಂದಿನದು ನಿಮಗೇ ಗೊತ್ತು.

ಪಿಜಿ ಹುಡುಗ ಹೇಳಿದ್ದನ್ನು ಹಗುರ ಮಾಡಬೇಡಿ. ಎರಡು ದಿನ ನಾಲ್ಕು ದಿನ ಆದರೆ ದಾವಣಗೆರೆ ನಿಮಗೆ ಭಾನುವಾರದ ಊರು ಆಗುತ್ತದೆ. ಆದರೂ ಅಪ್ಪನಿಗೆ ಎದೆ ನೋವು ಬಂದರೆ ನಿಮ್ಮ ಹೆಂಡತಿ ಒಂದು ಗಂಟೆಯಲ್ಲಿ ಅಲ್ಲಿರುತ್ತಾರೆ.

---

ಧಾರವಾಡದಾಕೆ

ನೋಡಿ, ಮತ್ತೆ ಹೆಂಡತಿಯೇ! ಮಗ ಬೆಂಗಳೂರಿನ ಪಿಜಿಯಲ್ಲಿ, ಸೊಸೆ ಮಾವನ ಪಕ್ಕದಲ್ಲಿ. ಒಂದು ಗಂಟೆ ದೂರ ಅಂತ ಎಲ್ಲರೂ ಸುಲಭವಾಗಿ ಹೇಳಿದಿರಿ. ಆ ಒಂದು ಗಂಟೆ ಓಡುವವರು ಯಾರು ಅಂತ ಮೊದಲು ಬರೆದುಕೊಳ್ಳಿ. ಬ್ಯಾಂಕ್ ಸರ್ ಮಾತು ನನಗೆ ಒಪ್ಪಿಗೆ ಇದೆ, ಆದರೆ ದುಡಿಯುವವನಿಗೆ ಕಾಲಿದೆ ಅಂದರಲ್ಲ, ಈ ಮನೆಯಲ್ಲಿ ದುಡಿಯುವವರು ಇಬ್ಬರಿದ್ದಾರೆ.

---

ನಿವೃತ್ತ ಬ್ಯಾಂಕಿನವ

ಒಪ್ಪಿದೆ ತಾಯಿ. ನಮ್ಮ ಕಾಲದಲ್ಲಿ ವರ್ಗಾವಣೆ ಆರ್ಡರು ಬಂದರೆ ಮನೆಯಾಕೆ ಪಾತ್ರೆ ಕಟ್ಟುತ್ತಿದ್ದಳು, ಕೇಳುವ ಪದ್ಧತಿಯೇ ಇರಲಿಲ್ಲ. ಆ ಅಭ್ಯಾಸ ಬರವಣಿಗೆಯಲ್ಲೂ ಬಂದುಬಿಡುತ್ತದೆ.

---

ರಾಣೆಬೆನ್ನೂರಿನವ

ಎಲ್ಲರಿಗೂ ಥ್ಯಾಂಕ್ಸ್. ದಾವಣಗೆರೆ ನಿಜವಾಗಿಯೂ ತಲೆಗೆ ಬಂದಿರಲಿಲ್ಲ. ಚಿಕ್ಕವನಿದ್ದಾಗ ಬಟ್ಟೆ ತರಲು ಹೋಗುತ್ತಿದ್ದ ಊರು ಅದು, ಮನೆ ಮಾಡುವ ಊರು ಅಂತ ಯಾರೂ ಹೇಳಿರಲಿಲ್ಲ.

ಆಫೀಸಿನ ಎರಡು ದಿನ ಕಾಗದದಲ್ಲಿಲ್ಲ, ಪಾಲಿಸಿ ಅಂತ ಮೇಲ್ ಬಂದಿತ್ತು ಅಷ್ಟೇ. ನಿನ್ನೆ ಮ್ಯಾನೇಜರ್ ಹತ್ತಿರ ಕೇಳಿದೆ. "ಸದ್ಯಕ್ಕೆ ಬದಲಾವಣೆ ಇಲ್ಲ" ಅಂದರು. ಆ "ಸದ್ಯಕ್ಕೆ" ಎಷ್ಟು ತಿಂಗಳು ಅಂತ ಅವರಿಗೂ ಗೊತ್ತಿರಲಿಕ್ಕಿಲ್ಲ. ಪುಣೆ ಪಟ್ಟಿಯಿಂದ ತೆಗೆದೆ. ಮೈಸೂರೂ ಹೋಯಿತು, ಪಾಸಿನ ಸರ್ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಅಪ್ಪನಿಗೆ ಫೋನ್ ಮಾಡಿ ದಾವಣಗೆರೆ ಅಂದೆ. "ಬೆಳಗ್ಗೆ ಬಂದು ಸಂಜೆ ವಾಪಸ್ ಹೋಗಬಹುದಲ್ಲ" ಅಂದರು. ಬೆಂಗಳೂರಿನ ಬಗ್ಗೆ ಇಷ್ಟು ವರ್ಷದಲ್ಲಿ ಹೀಗೆ ಒಂದು ಮಾತು ಆಡಿದವರಲ್ಲ.

ಕೆಳಗಿನದು ನನ್ನ ಹೆಂಡತಿ ಬರೆಯುತ್ತಿದ್ದಾಳೆ. ಫೋನ್ ಕಿತ್ತುಕೊಂಡಳು.

ನಮಸ್ಕಾರ. ಧಾರವಾಡದ ಮೇಡಂ, ನೀವು ಬರೆದದ್ದನ್ನು ಓದಿ ನಗು ಬಂತು, ಇವರ ಮುಖ ನೋಡಬೇಕಿತ್ತು. "ಎಲ್ಲಿ ಹೋದರೂ ಕೆಲಸ ಸಿಗುತ್ತದೆ" ಅಂದದ್ದು ನಾನಲ್ಲ. ನನಗೆ ಈ ಶಾಲೆಯಲ್ಲಿ ಏಳು ವರ್ಷ ಆಗಿದೆ, ಗ್ರಾಚ್ಯುಟಿ ತೊಂದರೆ ಇಲ್ಲ. ಸಂಬಳ ಕಡಿಮೆ ಆಗುತ್ತದೆ ಅಂತ ಗೊತ್ತು. ಬಾಡಿಗೆಯಲ್ಲಿ ಉಳಿಯುವುದು ಅದಕ್ಕಿಂತ ಜಾಸ್ತಿ ಆದರೆ ನನಗೆ ಅಡ್ಡಿ ಇಲ್ಲ, ಆದರೆ ಆ ಉಳಿತಾಯ ಇವರ ಬೆಂಗಳೂರಿನ ಪಿಜಿಗೆ, ಓಡಾಟಕ್ಕೆ ಹೋಗಬಾರದು. ನನ್ನ ತವರು ತುಮಕೂರು. ದಾವಣಗೆರೆಯಿಂದ ಅದೇ ಹೆದ್ದಾರಿ, ಅದೇ ರೈಲು, ಹಾಗಾಗಿ ಹುಬ್ಬಳ್ಳಿಗಿಂತ ನನಗೆ ಇದು ವಾಸಿ. ಮಾವನವರಿಗೆ ಹತ್ತಿರ ಇರುವುದಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ಇವರು ವಾರಕ್ಕೆ ನಾಲ್ಕು ದಿನ ಬೆಂಗಳೂರು ಅನ್ನುವಂತಾದರೆ ಎಲ್ಲರೂ ವಾಪಸ್ ಬರುತ್ತೇವೆ, ನಾನೊಬ್ಬಳೇ ಅಲ್ಲಿ ಇರುವುದಿಲ್ಲ. ಇದನ್ನು ಎಲ್ಲರೆದುರು ಬರೆದಿಡಬೇಕು ಅನ್ನಿಸಿತು.

ಒಂದು ಪ್ರಶ್ನೆ. ಮಗಳಿಗೆ ಈಗ ಸಿಬಿಎಸ್‌ಇ. ಅಲ್ಲಿ ಸ್ಟೇಟ್ ಸಿಲಬಸ್‌ಗೆ ಹಾಕಿದರೆ ಕಷ್ಟ ಆಗುತ್ತದಾ? ಕನ್ನಡ ಮಾತಾಡುತ್ತಾಳೆ, ಓದುವುದು ನಿಧಾನ. ಮತ್ತೆ ಮನೆ ಯಾವ ಕಡೆ ನೋಡಬೇಕು?

---

ಧಾರವಾಡದಾಕೆ

ಆರನೇ ಕ್ಲಾಸಿಗೆ ಆದರೆ ಕಷ್ಟ ಇಲ್ಲ. ಕನ್ನಡ ಸೆಕೆಂಡ್ ಲಾಂಗ್ವೇಜ್ ಇರುವ ಶಾಲೆ ನೋಡಿ. ರಜೆಯಲ್ಲಿ ದಿನಾ ಪೇಪರಿನ ಒಂದು ಸುದ್ದಿ ಜೋರಾಗಿ ಓದಿಸಿ, ಅಜ್ಜನಿಗೆ ಫೋನಿನಲ್ಲಿ ಓದಿ ಹೇಳಲಿ. ನನ್ನ ಕ್ಲಾಸಿಗೆ ಬೆಂಗಳೂರಿನಿಂದ ಬಂದ ಮಕ್ಕಳು ಒಂದು ವರ್ಷದಲ್ಲಿ ಸರಿ ಹೋಗುತ್ತಾರೆ. ನೀವು ಕಟ್ಟಿದ ಷರತ್ತು ನನಗೆ ಬಹಳ ಹಿಡಿಸಿತು.

---

ಬೆಣ್ಣೆದೋಸೆ

ಅಕ್ಕಾ, ಸಿಬಿಎಸ್‌ಇ ಶಾಲೆಗಳೂ ಇಲ್ಲಿವೆ, ಬದಲಿಸಲೇಬೇಕು ಅಂತಿಲ್ಲ. ಆದರೆ ಅವು ಊರಿನ ಹೊರಗೆ, ವ್ಯಾನ್ ಹತ್ತಿಸಬೇಕು.

ಮನೆಗೆ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್, ನಿಜಲಿಂಗಪ್ಪ ಬಡಾವಣೆ ಈ ಕಡೆ ನೋಡಿ. ಎಂಸಿಸಿ ಕಡೆ ಕಾಲೇಜು ಹುಡುಗರು ಜಾಸ್ತಿ, ಬಾಡಿಗೆ ಸ್ವಲ್ಪ ಏರಿಸಿ ಹೇಳುತ್ತಾರೆ, ಚೌಕಾಸಿ ಮಾಡಿ. ಕುಂದವಾಡ ಕೆರೆ ಹತ್ತಿರ ಸಿಕ್ಕರೆ ಬೆಳಗ್ಗೆ ವಾಕಿಂಗ್‌ಗೆ ಚೆನ್ನ. ಭದ್ರಾ ಕಾಲುವೆ ನೀರು ತುಂಬಿಸುವ ಕೆರೆ, ಊರಿಗೆ ಕುಡಿಯುವ ನೀರೂ ಅಲ್ಲಿಂದ ಬರುತ್ತದೆ. ನೆಲಮಹಡಿ ಮನೆಯೇ ನೋಡಿ, ನಿಮ್ಮ ಅತ್ತೆಗೆ ಮಂಡಿ ನೋವು ಅಂದಿರಲ್ಲ. ಭೋಗ್ಯಕ್ಕೆ ಕೊಡುತ್ತೇವೆ ಅಂತ ಬರುತ್ತಾರೆ, ಮೊದಲ ವರ್ಷ ಬೇಡ, ದೊಡ್ಡ ದುಡ್ಡು ಮಾಲೀಕರ ಹತ್ತಿರ ಸಿಕ್ಕಿಕೊಂಡರೆ ಬೆಂಗಳೂರಿಗೆ ವಾಪಸ್ ಹೋಗುವ ನಿಮ್ಮ ಷರತ್ತು ನಡೆಯುವುದಿಲ್ಲ. ಬಾಡಿಗೆಗೇ ಹಿಡಿಯಿರಿ, ಕರಾರಿನಲ್ಲಿ ಬಿಡುವ ನೋಟಿಸು ಎರಡು ತಿಂಗಳಿಗಿಂತ ಜಾಸ್ತಿ ಹಾಕಿಸಬೇಡಿ.

ಮನೆ ನೋಡಲು ಏಪ್ರಿಲ್ ಎರಡನೇ ವಾರ ಬನ್ನಿ. ಪರೀಕ್ಷೆ ಮುಗಿದು ಖಾಲಿ ಆಗುವ ಮನೆಗಳು ಆಗ ಗೊತ್ತಾಗುತ್ತವೆ, ಬಿಸಿಲೂ ಗೊತ್ತಾಗುತ್ತದೆ. ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ, ಬೆಳಗ್ಗೆ ಎಲ್ಲ ಮನೆಯೂ ತಂಪಾಗೇ ಇರುತ್ತದೆ. ಬರುವ ಮುಂಚೆ ಇಲ್ಲೇ ಒಂದು ಸಾಲು ಹಾಕಿ, ಬ್ರೋಕರ್ ಇಲ್ಲದೆ ಎರಡು ಮೂರು ಮನೆ ನಾನೇ ತೋರಿಸುತ್ತೇನೆ.